ಮುಂಗೋಣೆಯಿಂದ ಗುಡ್ಡದ ಅರಮನೆಗೆ: ವಿಶ್ವ ಡಾರ್ಟ್ಸ್ ಪಂದ್ಯಾವಳಿಯ ಕಥೆ

ಈ ನಾಡಿಗೆ ಬಂದಿಳಿದ ಹೊಸತರಲ್ಲಿ ನಮಗೆಲ್ಲ ಸೋಜಿಗವೆನಿಸಿದ ಸಂಗತಿಗಳು ಹಲವಾರು. ಕ್ರಿಕೆಟ್ ನಮಗೆ ಹುಟ್ಟಿನಿಂದಲೇ ಗೊತ್ತು. ವಿಂಬಲ್ಡನ್ ಹೆಸರನ್ನು ಊರಿನಲ್ಲೇ ಕೇಳಿದ್ದೆವು. ಆದರೆ ಜನವರಿಯ ಚಳಿಯಲ್ಲಿ, ಸಂಜೆ ನಾಲ್ಕಕ್ಕೇ ಕತ್ತಲಾದ ಮೇಲೆ, ಬಿಸಿ ಬಿಸಿ ಕಾಫಿ ಹಿಡಿದು ಟೆಲಿವಿಷನ್ ಮುಂದೆ ಕೂತರೆ ಅಲ್ಲಿ ಕಾಣುತ್ತಿದ್ದುದೇನು? ಹೊಟ್ಟೆ ಬೆಳೆದ ಇಬ್ಬರು ಗಂಡಸರು, ಬಣ್ಣಬಣ್ಣದ ಅಂಗಿ ತೊಟ್ಟು, ಗೋಡೆಗೆ ತೂಗುಹಾಕಿದ ದುಂಡು ಹಲಗೆಯೊಂದಕ್ಕೆ ಪುಟ್ಟ ಪುಟ್ಟ ಬಾಣಗಳನ್ನು ಎಸೆಯುತ್ತಿದ್ದರು. ಎದುರಿಗೆ ಸಿಗರೇಟಿನ ಹೊಗೆ, ಬಿಯರ್ ಲೋಟಗಳು, ಕೂಗಾಟ. "ಇದೂ ಒಂದು ಆಟವೇ? ಇದಕ್ಕೂ ಒಬ್ಬ ವಿಶ್ವ ಚಾಂಪಿಯನ್ನೇ?" ಎಂದು ನಾವು ನಕ್ಕದ್ದುಂಟು.

ಆಮೇಲೆ ನಗು ನಿಂತಿತು. ಒಂದೊಂದೇ ಪಂದ್ಯ ನೋಡುತ್ತಾ ಹೋದಂತೆ ಇದು ಕಣ್ಣು, ಕೈ ಮತ್ತು ಮಗ್ಗಿಯ ಆಟವೆಂದು ಗೊತ್ತಾಯಿತು. ಮಕ್ಕಳಿಗಂತೂ ಬಾಯಿಲೆಕ್ಕ ಕಲಿಸಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಅದರ ಹಿಂದಿನ ಇತಿಹಾಸವನ್ನು ಓದಿದಾಗಲಂತೂ, ಇದು ನಮ್ಮಂತಹ ಸಂಘ ಸಂಸ್ಥೆಗಳವರು ಅವಶ್ಯವಾಗಿ ತಿಳಿದಿರಬೇಕಾದ ಕಥೆ ಎನಿಸಿತು. ಏಕೆಂದರೆ ಇದು ಬರೀ ಬಾಣಗಳ ಕಥೆಯಲ್ಲ. ಒಬ್ಬರ ಮನೆಯ ಮುಂಗೋಣೆಯಲ್ಲಿ ಹುಟ್ಟಿದ ಒಂದು ಸಂಘ ಹೇಗೆ ಬೆಳೆಯಿತು, ಹೇಗೆ ಒಡೆಯಿತು, ಕೊನೆಗೆ ಏನಾಯಿತು ಎಂಬುದರ ಕಥೆ.

ಆಟದ ಲೆಕ್ಕ

ಮೊದಲು ಆಟದ ನಿಯಮವನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇವೆ. ಹಲಗೆಯಲ್ಲಿ 1ರಿಂದ 20ರವರೆಗೆ ಅಂಕಿಗಳಿವೆ, ಆದರೆ ಸಾಲಾಗಿ ಅಲ್ಲ. 20ರ ಒಂದು ಬದಿಗೆ 1, ಇನ್ನೊಂದು ಬದಿಗೆ 5. ದೊಡ್ಡದಕ್ಕೆ ಆಸೆಪಟ್ಟು ಗುರಿ ತಪ್ಪಿದವನಿಗೆ ಪುಡಿಗಾಸು ಮಾತ್ರ ಸಿಗಲಿ ಎಂಬ ಜಾಣತನ ಅದು. ಹೊರಗಿನ ಸಣ್ಣ ಪಟ್ಟಿಯಲ್ಲಿ ಬಿದ್ದರೆ ಎರಡರಷ್ಟು, ಒಳಗಿನ ಪಟ್ಟಿಯಲ್ಲಿ ಬಿದ್ದರೆ ಮೂರರಷ್ಟು. ಇಪ್ಪತ್ತು ಮೂರಲೆ ಅರವತ್ತು. ಒಂದು ಸರದಿಗೆ ಮೂರು ಬಾಣ, ಆದ್ದರಿಂದ ಹೆಚ್ಚೆಂದರೆ 180. ನಿಲ್ಲುವ ಗೆರೆಯಿಂದ ಹಲಗೆಗೆ 2.37 ಮೀಟರ್ ದೂರ. ಆಟಗಾರ 501ರಿಂದ ಆರಂಭಿಸಿ ಕಳೆಯುತ್ತಾ ಕಳೆಯುತ್ತಾ ಸರಿಯಾಗಿ ಸೊನ್ನೆಗೆ ಬರಬೇಕು, ಕೊನೆಯ ಬಾಣ ಎರಡರಷ್ಟರ ಪಟ್ಟಿಯಲ್ಲೇ ಬೀಳಬೇಕು. ಇದನ್ನು ಅತಿ ಕಡಿಮೆಯೆಂದರೆ ಒಂಬತ್ತು ಬಾಣಗಳಲ್ಲಿ ಮುಗಿಸಬಹುದು. ಎರಡು ಸಲ 180 ಹೊಡೆದರೆ 360, ಉಳಿಯುವುದು 141. ಅದನ್ನು ಮೂರೇ ಬಾಣಗಳಲ್ಲಿ ಹೇಗೆ ಮುಗಿಸುವುದೆಂದು ಮನೆಯಲ್ಲಿ ಮಕ್ಕಳನ್ನು ಕೇಳಿ ನೋಡಿ!

ಆಟವೇನೋ ಹಳೆಯದು. ನಮ್ಮಲ್ಲಿ ಅರಳಿಕಟ್ಟೆಯ ಮೇಲೆ ಹುಲಿಕಲ್ಲು ಆಡುವಂತೆ ಇಲ್ಲಿನ ದುಡಿಯುವ ಜನ ಪಬ್ಬುಗಳಲ್ಲಿ ಇದನ್ನು ಆಡಿಕೊಂಡು ಬಂದವರು. 1927ರಲ್ಲಿ 'ನ್ಯೂಸ್ ಆಫ್ ದ ವರ್ಲ್ಡ್' ಪತ್ರಿಕೆ ಲಂಡನ್ನಿನ ಸುತ್ತಮುತ್ತ ಒಂದು ಸ್ಪರ್ಧೆಯನ್ನು ಆರಂಭಿಸಿತು. 1939ರಲ್ಲಿ ಅದರ ಅಂತಿಮ ಸುತ್ತನ್ನು ನೋಡಲು 14 ಸಾವಿರಕ್ಕೂ ಮಿಕ್ಕಿ ಜನ ಸೇರಿದ್ದರು. ಯುದ್ಧದ ನಂತರ ಅದು ದೇಶವ್ಯಾಪಿಯಾಯಿತು. 1970ರ ದಶಕದ ಆರಂಭದಲ್ಲಿ ಅದರ ಅಂತಿಮ ಪಂದ್ಯಗಳು ನಡೆಯುತ್ತಿದ್ದುದು ಉತ್ತರ ಲಂಡನ್ನಿನ ಗುಡ್ಡದ ಮೇಲಿರುವ ಅಲೆಕ್ಸಾಂಡ್ರಾ ಪ್ಯಾಲೇಸಿನಲ್ಲಿ. 1936ರಲ್ಲಿ ಬಿ.ಬಿ.ಸಿ.ಯವರು ತಮ್ಮ ಟೆಲಿವಿಷನ್ ಪ್ರಸಾರವನ್ನು ಆರಂಭಿಸಿದ ಕಟ್ಟಡವೂ ಅದೇ. ಈ ಹೆಸರನ್ನು ನೆನಪಿನಲ್ಲಿಟ್ಟುಕೊಳ್ಳಿ, ಕಥೆ ಮತ್ತೆ ಅಲ್ಲಿಗೇ ಬರುತ್ತದೆ.

ಮುಂಗೋಣೆಯ ಸಂಘ

ಆ ಗುಡ್ಡದ ಪಕ್ಕದ ಬಡಾವಣೆ ಮಸ್ವೆಲ್ ಹಿಲ್. ಅಲ್ಲಿ ಆಲಿ ಕ್ರಾಫ್ಟ್ ಎಂಬುವರಿದ್ದರು. ಗೋಡೆ ನೆಲಗಳಿಗೆ ಹಾಸುವ ಟೈಲ್ಸ್ ವ್ಯಾಪಾರ ಅವರ ವೃತ್ತಿ, ಡಾರ್ಟ್ಸ್ ಅವರ ಹುಚ್ಚು. 1973ರ ಜನವರಿಯಲ್ಲಿ ತಮ್ಮ ಮನೆಯ ಮುಂಗೋಣೆಯಲ್ಲೇ ಕೆಲವರನ್ನು ಕೂಡಿಸಿ 'ಬ್ರಿಟಿಷ್ ಡಾರ್ಟ್ಸ್ ಆರ್ಗನೈಸೇಷನ್' ಎಂಬ ಸಂಘವನ್ನು ಕಟ್ಟಿದರು. ಜನ ಅದನ್ನು ಬಿ.ಡಿ.ಓ. ಎಂದೇ ಕರೆದರು. ಮನೆಯೇ ಕಚೇರಿ. ಹೆಂಡತಿ ಲೋರ್ನಾ ಅವರೂ ಕೆಲಸಕ್ಕೆ ಹೆಗಲು ಕೊಟ್ಟರು. ಊರೂರಿನ, ಜಿಲ್ಲೆ ಜಿಲ್ಲೆಯ ತಂಡಗಳನ್ನು ಒಂದೇ ನೂಲಿನಲ್ಲಿ ಪೋಣಿಸಿ, ಎಲ್ಲ ಕಡೆಗೂ ಒಂದೇ ನಿಯಮ ತಂದು, ಅಂಕ ಬರೆಯುವವರಿಂದ ಹಿಡಿದು ಕುರ್ಚಿ ಜೋಡಿಸುವವರವರೆಗೆ ಉತ್ಸಾಹಿಗಳ ಪಡೆಯನ್ನೇ ಅವರು ಕಟ್ಟಿದರು.

ಓದುಗರಿಗೆ ಇದು ಎಲ್ಲೋ ಕೇಳಿದ ಕಥೆಯಂತೆ ತೋರಿದರೆ ಆಶ್ಚರ್ಯವಿಲ್ಲ. ನಮ್ಮ ಬಳಗದ ಮೊದಲ ಸಭೆಗಳೂ ಯಾರದೋ ಮನೆಯ ಮುಂಗೋಣೆಯಲ್ಲೇ ನಡೆದವಲ್ಲವೇ? ಯಾರೋ ಚಿತ್ರಾನ್ನ ಕಲಸಿ ತಂದರು, ಯಾರೋ ಆಫೀಸಿನ ಯಂತ್ರದಲ್ಲಿ ಗುಟ್ಟಾಗಿ ಪ್ರತಿ ತೆಗೆದು ಪತ್ರಿಕೆ ಹಂಚಿದರು. ದೊಡ್ಡ ಸಂಘಗಳೆಲ್ಲ ಹುಟ್ಟುವುದು ಹೀಗೆಯೇ.

ಐದು ವರ್ಷಗಳಲ್ಲಿ ಬಿ.ಡಿ.ಓ. ತನ್ನ ಕನಸನ್ನು ನನಸಾಗಿಸಿತು. 1978ರ ಫೆಬ್ರವರಿಯಲ್ಲಿ ನಾಟಿಂಗ್‌ಹ್ಯಾಮ್ ಪಟ್ಟಣದ ಒಂದು ನೈಟ್ ಕ್ಲಬ್ಬಿನಲ್ಲಿ ಮೊದಲ ವಿಶ್ವ ಪಂದ್ಯಾವಳಿ ನಡೆಯಿತು. ಎಂಬಸಿ ಸಿಗರೇಟಿನವರ ಪ್ರಾಯೋಜನೆ, ಬಿ.ಬಿ.ಸಿ.ಯವರ ಕ್ಯಾಮರಾ, ಹದಿನಾರು ಮಂದಿ ಆಟಗಾರರು, ಒಟ್ಟು ಬಹುಮಾನ 10,500 ಪೌಂಡ್. ಅಂತಿಮ ಪಂದ್ಯದಲ್ಲಿ ವೇಲ್ಸಿನ ಲೇಟನ್ ರೀಸ್ ಇಂಗ್ಲೆಂಡಿನ ಜಾನ್ ಲೋ ಅವರನ್ನು 11-7ರಿಂದ ಸೋಲಿಸಿ 3,000 ಪೌಂಡ್ ಪಡೆದರು. ಮುಂದಿನ ವರ್ಷ ಪಂದ್ಯಾವಳಿ ಕುಂಬಾರಿಕೆಗೆ ಹೆಸರಾದ ಸ್ಟೋಕ್ ಪಟ್ಟಣದ ಜಾಲೀಸ್ ಕ್ಲಬ್ಬಿಗೆ ಹೋಯಿತು. 1986ರಲ್ಲಿ ಸರೆ ಜಿಲ್ಲೆಯ ಫ್ರಿಮ್ಲಿ ಗ್ರೀನ್ ಎಂಬಲ್ಲಿನ ಲೇಕ್‌ಸೈಡ್ ಕ್ಲಬ್ಬಿಗೆ ಬಂದು ನೆಲೆ ನಿಂತಿತು.

ಟೆಲಿವಿಷನ್ನಿನ ಸುಗ್ಗಿ

ಎಲ್ಲರನ್ನೂ ಸೆಳೆದದ್ದು ಟೆಲಿವಿಷನ್ನು. ಪರದೆಯನ್ನು ಎರಡು ಭಾಗ ಮಾಡಿ ಒಂದೆಡೆ ಎಸೆಯುವವನ ಮುಖ, ಇನ್ನೊಂದೆಡೆ ಬಾಣ ನಾಟುವ ಹಲಗೆ ತೋರಿಸುವ ಉಪಾಯದಿಂದ ಆಟಗಾರನ ಎದೆಬಡಿತವೇ ನಮ್ಮ ಮನೆಯೊಳಗೆ ಬಂದಂತಾಯಿತು. ವೀಕ್ಷಕ ವಿವರಣೆಗೆ ಸಿಡ್ ವಾಡೆಲ್ ಇದ್ದರು. ಕಲ್ಲಿದ್ದಲು ಗಣಿ ಕಾರ್ಮಿಕನ ಮಗ, ಕೇಂಬ್ರಿಜ್‌ನಲ್ಲಿ ಇತಿಹಾಸ ಓದಿದವರು. ಪಬ್ಬಿನ ಆಟಕ್ಕೆ ಅಲೆಕ್ಸಾಂಡರ್ ಚಕ್ರವರ್ತಿಯ ಉಪಮೆ ಕೊಡುವ ಎದೆಗಾರಿಕೆ ಅವರಿಗೊಬ್ಬರಿಗೇ ಇತ್ತು.

ಆ ಉಪಮೆ ಸಂದದ್ದು ಲಂಡನ್ನಿನ ಎರಿಕ್ ಬ್ರಿಸ್ಟೋ ಎಂಬ ಬಿಂಕದ ಹುಡುಗನಿಗೆ. 1980ರಿಂದ 1986ರೊಳಗೆ ಐದು ಸಲ ವಿಶ್ವ ಚಾಂಪಿಯನ್. ಆತನಿಗೂ ಪೆಟ್ಟು ಕೊಟ್ಟವರುಂಟು. 1983ರ ಅಂತಿಮ ಪಂದ್ಯವನ್ನು ಇಂದಿಗೂ ಇಲ್ಲಿನವರು ನೆನೆಯುತ್ತಾರೆ. ಇಪ್ಸ್‌ವಿಚ್‌ನ ಕೀತ್ ಡೆಲ್ಲರ್ ಅರ್ಹತಾ ಸುತ್ತಿನಿಂದ ಮೇಲೆ ಬಂದ 23ರ ತರುಣ. ಸೆಟ್‌ಗಳು 5-5. ಬ್ರಿಸ್ಟೋ ಕೈಯಲ್ಲಿ ಒಂದು ಬಾಣ, ಉಳಿದದ್ದು 50. ನಡುವಿನ ಬುಲ್ಲಿಗೆ ಹೊಡೆದರೆ ಆ ಲೆಗ್ ಅವನದೇ. ಡೆಲ್ಲರ್‌ಗೆ ಇನ್ನೂ 138 ಬೇಕು, ಮೂರು ಬಾಣದಲ್ಲಿ ಆಗದ ಮಾತು ಎಂದು ಎಣಿಸಿ, ಬ್ರಿಸ್ಟೋ ಬುಲ್ಲಿಗೆ ಹೊಡೆಯದೆ 18 ಹೊಡೆದು 32 ಉಳಿಸಿಕೊಂಡ. ಡೆಲ್ಲರ್ ಬಂದ. ಅರವತ್ತು, ಐವತ್ತನಾಲ್ಕು, ಇಪ್ಪತ್ತನಾಲ್ಕು. ಮುಗಿಯಿತು! ಎದುರಾಳಿಯನ್ನು ಹಗುರಾಗಿ ಎಣಿಸಿದವನ ಪಾಡು ಕುರುಕ್ಷೇತ್ರದಿಂದ ಈಚೆಗೆ ಎಲ್ಲ ಕಡೆಯೂ ಒಂದೇ.

ಸ್ಕಾಟ್‌ಲೆಂಡಿನ ಜಾಕಿ ವಿಲ್ಸನ್ ಇನ್ನೊಬ್ಬ ಜನಪ್ರಿಯ ಆಟಗಾರ. ಹಿಂದೆ ಗಣಿಯಲ್ಲಿ ದುಡಿದವನು, 1982 ಮತ್ತು 1989ರಲ್ಲಿ ಚಾಂಪಿಯನ್. ಆದರೆ ಗೆದ್ದ ಹಣ ಉಳಿಯಲಿಲ್ಲ. ಕೊನೆಯ ವರ್ಷಗಳನ್ನು ಯಾರ ಕಣ್ಣಿಗೂ ಬೀಳದೆ ತನ್ನೂರು ಕರ್ಕಾಲ್ಡಿಯಲ್ಲಿ ಕಳೆದು 2012ರಲ್ಲಿ ತೀರಿಕೊಂಡ. ಪರದೆಯ ಮೇಲಿನ ಹೊಳಪು ಬೇರೆ, ಆಟಗಾರನ ಹೊಟ್ಟೆಪಾಡು ಬೇರೆ ಎಂಬುದನ್ನು ಆತನ ಬಾಳು ಹೇಳುತ್ತದೆ.

1990ರ ಪಂದ್ಯಾವಳಿಯಲ್ಲಿ ಎರಡು ವಿಶೇಷಗಳು ನಡೆದವು. ಸಿಂಗಪುರದಲ್ಲಿ ಹುಟ್ಟಿ ಅಮೆರಿಕದ ಪರವಾಗಿ ಆಡುತ್ತಿದ್ದ ಪಾಲ್ ಲಿಮ್, ವಿಶ್ವ ಪಂದ್ಯಾವಳಿಯಲ್ಲೇ ಮೊದಲ ಬಾರಿಗೆ 501ನ್ನು ಒಂಬತ್ತು ಬಾಣಗಳಲ್ಲಿ ಮುಗಿಸಿದರು. ಅದಕ್ಕೆ ಸಿಕ್ಕ ವಿಶೇಷ ಬಹುಮಾನ 52,000 ಪೌಂಡ್. ಚಾಂಪಿಯನ್ನನಿಗೆ ಸಿಕ್ಕಿದ್ದು 24,000 ಮಾತ್ರ! ಆ ಚಾಂಪಿಯನ್ ಯಾರು? ಸ್ಟೋಕ್‌ನ ಕಾರ್ಖಾನೆಯೊಂದರಲ್ಲಿ ಪಿಂಗಾಣಿ ಹಿಡಿಗಳನ್ನು ಮಾಡುತ್ತಿದ್ದ ಫಿಲ್ ಟೇಲರ್. ಅವನ ಕೈಚಳಕ ಕಂಡು, ಹಣದ ನೆರವು ಕೊಟ್ಟು ಕೆಲಸ ಬಿಡಿಸಿ ಆಟಕ್ಕೆ ಹಚ್ಚಿದವರು ಬೇರೆ ಯಾರೂ ಅಲ್ಲ, ಬ್ರಿಸ್ಟೋ ಅವರೇ. ಅಂತಿಮ ಪಂದ್ಯದಲ್ಲಿ ಶಿಷ್ಯ ಗುರುವನ್ನು 6-1ರಿಂದ ಸೋಲಿಸಿದ. ಗುರುವಿನ ಹೆಬ್ಬೆರಳು ಉಳಿಯಿತು, ಪಟ್ಟ ಮಾತ್ರ ಮರಳಿ ಬರಲಿಲ್ಲ.

ಒಡಕು

ಸುಗ್ಗಿ ಅಷ್ಟು ಹೊತ್ತಿಗಾಗಲೇ ಮುಗಿದಿತ್ತು. ಕುಡಿತ, ಹೊಗೆ, ಬೊಜ್ಜು ಎಂದು ಆಟವನ್ನು ಗೇಲಿ ಮಾಡುವವರು ಹೆಚ್ಚಾಗಿದ್ದರು. 1988ರ ಕೊನೆಗೆ ಐ.ಟಿ.ವಿ.ಯವರು ಡಾರ್ಟ್ಸನ್ನು ಕೈಬಿಟ್ಟರು. ಬಿ.ಬಿ.ಸಿ.ಯವರೂ ಕಡಿಮೆ ಮಾಡುತ್ತಾ ಬಂದು ವಿಶ್ವ ಪಂದ್ಯಾವಳಿಯೊಂದನ್ನು ಮಾತ್ರ ಉಳಿಸಿಕೊಂಡರು. ಪಬ್ಬಿನಲ್ಲಿ ಹವ್ಯಾಸಕ್ಕೆ ಆಡುವವನಿಗೆ ಇದರಿಂದ ನಷ್ಟವೇನಿಲ್ಲ. ಆದರೆ ಬ್ರಿಸ್ಟೋ, ಲೋ, ಟೇಲರ್ ಮೊದಲಾದವರಿಗೆ ಆಟವೇ ಜೀವನೋಪಾಯ. ವರ್ಷಕ್ಕೊಂದು ವಾರದ ಪ್ರಸಾರ ನಂಬಿ ಸಂಸಾರ ಸಾಗಿಸುವುದು ಹೇಗೆ?

ಆಟಗಾರರು ಸಂಘವನ್ನು ಕೇಳಿದರು: ಹೊಸ ಪ್ರಾಯೋಜಕರನ್ನು ಹುಡುಕಿ, ಪ್ರಚಾರಕ್ಕೆ ತಿಳಿದವರನ್ನು ನೇಮಿಸಿ. ಸಂಘಕ್ಕೆ ತನ್ನದೇ ವಾದವಿತ್ತು: ನಾವು ಹತ್ತಿಪ್ಪತ್ತು ಹೆಸರಾಂತರಿಗಾಗಿ ಇರುವವರಲ್ಲ, ಊರೂರಿನ ಸಾವಿರಾರು ಸಾಮಾನ್ಯ ಆಟಗಾರರಿಗಾಗಿ ಇರುವವರು. ಎರಡು ಮಾತಿನಲ್ಲೂ ಸತ್ಯವಿತ್ತು. ಕೂತು ಮಾತನಾಡುವವರು ಮಾತ್ರ ಇರಲಿಲ್ಲ.

1992ರಲ್ಲಿ ಹದಿನಾರು ಮಂದಿ ಅಗ್ರ ಆಟಗಾರರು 'ವರ್ಲ್ಡ್ ಡಾರ್ಟ್ಸ್ ಕೌನ್ಸಿಲ್' ಎಂಬ ಬೇರೆ ಸಂಸ್ಥೆ ಕಟ್ಟಿಕೊಂಡರು. 1993ರ ಜನವರಿಯಲ್ಲಿ ಲೇಕ್‌ಸೈಡಿಗೆ ಬಂದಾಗ ತೋಳಿನ ಮೇಲೆ ಅದರ ಬಿಲ್ಲೆ ಅಂಟಿಸಿಕೊಂಡು ಬಂದರು. ಅದನ್ನು ತೆಗೆಯಿರಿ ಎಂದು ಸಂಘ ಆಜ್ಞೆ ಮಾಡಿತು. ಬೆರಳಗಲದ ಬಟ್ಟೆಯ ಚೂರು! ಅದೇ ತಿಂಗಳು, ಇನ್ನು ಮುಂದೆ ನಮ್ಮ ಸಂಸ್ಥೆಯ ಆಶ್ರಯದಲ್ಲಿ ಮಾತ್ರ ವಿಶ್ವ ಪಂದ್ಯಾವಳಿ ಆಡುತ್ತೇವೆ ಎಂದು ಆಟಗಾರರು ಸಾರಿದರು. ಸಂಘ ಅವರೆಲ್ಲರನ್ನೂ ತನ್ನ ಸಕಲ ಪಂದ್ಯಗಳಿಂದ ಬಹಿಷ್ಕರಿಸಿತು. ಆ ವರ್ಷವಷ್ಟೇ ಮೂರನೆಯ ಸಲ ವಿಶ್ವ ಚಾಂಪಿಯನ್ ಆಗಿದ್ದ ಜಾನ್ ಲೋ ತನ್ನ ಸ್ವಂತ ಜಿಲ್ಲೆಯ ಪರವಾಗಿಯೂ ಆಡುವಂತಿಲ್ಲ! ಹಳ್ಳಿಯಲ್ಲಿ ಪಂಚಾಯಿತಿಯವರು ಬಾವಿಯ ನೀರು ನಿಲ್ಲಿಸಿದ ಹಾಗಾಯಿತು.

ನಮಗೆ ಗೊತ್ತಿರುವ ಕ್ರಿಕೆಟ್ಟಿನಲ್ಲೂ ಇಂತಹ ಜಗಳ ನಡೆದಿತ್ತು. 1977ರಲ್ಲಿ ಕೆರಿ ಪ್ಯಾಕರ್ ಆಟಗಾರರನ್ನು ಕೊಂಡುಕೊಂಡರೆಂದು ದೊಡ್ಡ ರಂಪವಾಯಿತು. ಆದರೆ 1979ರ ಹೊತ್ತಿಗೆ ಆ ಜಗಳ ಮುಗಿದು ಎಲ್ಲರೂ ಮತ್ತೆ ಒಂದಾದರು. ಡಾರ್ಟ್ಸಿಗೆ ಆ ಭಾಗ್ಯ ಬರಲಿಲ್ಲ. 1993ರ ಡಿಸೆಂಬರಿನಲ್ಲಿ ಬಂಡಾಯಗಾರರು ಎಸೆಕ್ಸ್ ಜಿಲ್ಲೆಯ ಪರ್‌ಫ್ಲೀಟ್ ಎಂಬಲ್ಲಿ, ಸರ್ಕಸ್ ಟ್ಯಾವರ್ನ್ ಎಂಬ ಕ್ಲಬ್ಬಿನಲ್ಲಿ, ತಮ್ಮದೇ ವಿಶ್ವ ಪಂದ್ಯಾವಳಿ ಆರಂಭಿಸಿದರು. ಸ್ಕೈ ಟೆಲಿವಿಷನ್ನಿನವರು ಪ್ರಸಾರ ಮಾಡಿದರು. ಡೆನ್ನಿಸ್ ಪ್ರೀಸ್ಟ್ಲಿ ಗೆದ್ದರು. ಅತ್ತ ಲೇಕ್‌ಸೈಡಿನಲ್ಲಿ ಕೆನಡಾದ ಜಾನ್ ಪಾರ್ಟ್ ಗೆದ್ದು, ಬ್ರಿಟನ್ನಿನ ಹೊರಗಿನ ಮೊದಲ ಚಾಂಪಿಯನ್ ಎನಿಸಿಕೊಂಡರು. ಅಂದಿನಿಂದ ವರ್ಷಕ್ಕೆ ಇಬ್ಬರು ವಿಶ್ವ ಚಾಂಪಿಯನ್ನರು! ಒಂದೇ ಊರಿನಲ್ಲಿ ಎರಡು ಕಡೆ ಯುಗಾದಿ ಆಚರಿಸುವುದನ್ನು ಕಂಡಿರುವ ನಾವು ಇದನ್ನು ಕೇಳಿ ನಗುವಂತಿಲ್ಲ.

ಜಗಳ ನ್ಯಾಯಾಲಯದ ಮೆಟ್ಟಿಲೇರಿತು. ನಾಲ್ಕು ವರ್ಷ ವಕೀಲರು ಹೊಟ್ಟೆ ತುಂಬಿಸಿಕೊಂಡ ಮೇಲೆ 1997ರ ಜೂನ್ 30ರಂದು ರಾಜಿಯಾಯಿತು. ಆಟಗಾರನಿಗೆ ಬೇಕಾದ ಕಡೆ ಆಡುವ ಸ್ವಾತಂತ್ರ್ಯವಿದೆ ಎಂದು ಬಿ.ಡಿ.ಓ. ಒಪ್ಪಿತು. ತಾವೇ ಜಗತ್ತಿನ ಡಾರ್ಟ್ಸ್ ಆಡಳಿತಗಾರರೆಂಬ ಹಕ್ಕುಸಾಧನೆಯನ್ನು ಎದುರು ಬಣದವರು ಬಿಟ್ಟುಕೊಟ್ಟು, ತಮ್ಮ ಸಂಸ್ಥೆಗೆ 'ಪ್ರೊಫೆಷನಲ್ ಡಾರ್ಟ್ಸ್ ಕಾರ್ಪೊರೇಷನ್', ಅಂದರೆ ಪಿ.ಡಿ.ಸಿ., ಎಂದು ಹೆಸರಿಟ್ಟುಕೊಂಡರು. ಆ ದಿನ ಒಪ್ಪಿದ್ದನ್ನು 1993ರಲ್ಲಿ ಒಂದು ಟೀ ಕಪ್ಪಿನ ಮುಂದೆ ಕೂತು ಒಪ್ಪಬಹುದಿತ್ತಲ್ಲ ಎನಿಸದೆ ಇರದು.

ಎರಡು ದಾರಿಗಳು

ಆಮೇಲಿನ ಕಾಲು ಶತಮಾನದಲ್ಲಿ ಒಂದು ಸಂಸ್ಥೆ ಏರುತ್ತಾ, ಇನ್ನೊಂದು ಇಳಿಯುತ್ತಾ ಹೋಯಿತು. ಹಾಗೆಂದು ಬಿ.ಡಿ.ಓ. ಏನೂ ಮಾಡಲಿಲ್ಲ ಎಂದರೆ ಅನ್ಯಾಯವಾದೀತು. ನೆದರ್‌ಲೆಂಡಿನ ಅಂಚೆಯಣ್ಣ ರೇಮಂಡ್ ವಾನ್ ಬಾರ್ನೆವೆಲ್ಡ್ 1998ರಲ್ಲಿ ಲೇಕ್‌ಸೈಡಿನಲ್ಲಿ ಗೆದ್ದ ಮೇಲೆ ಅವರ ನಾಡಿಗೆ ನಾಡೇ ಈ ಆಟಕ್ಕೆ ಮರುಳಾಯಿತು. 2001ರಲ್ಲಿ ಮಹಿಳೆಯರಿಗಾಗಿ ವಿಶ್ವ ಪಂದ್ಯಾವಳಿ ಆರಂಭಿಸಿದವರೂ ಬಿ.ಡಿ.ಓ.ದವರೇ. ಅದರ ಮೊದಲ ಚಾಂಪಿಯನ್ ಟ್ರಿನಾ ಗಲಿವರ್ ಒಟ್ಟು ಹತ್ತು ಸಲ ಗೆದ್ದರು.

ಆದರೆ ಹಣ ಮತ್ತು ಹೆಸರು ಪಿ.ಡಿ.ಸಿ.ಯತ್ತ ಹರಿಯಿತು. 2001ರಲ್ಲಿ ಬ್ಯಾರಿ ಹರ್ನ್ ಅದರ ಅಧ್ಯಕ್ಷರಾದರು. ಟೇಲರ್ ಎರಡೂ ಕಡೆ ಸೇರಿ ಹದಿನಾರು ಸಲ ವಿಶ್ವ ಚಾಂಪಿಯನ್ನರಾದರು. 2006ರಲ್ಲಿ ಬಾರ್ನೆವೆಲ್ಡ್ ಕೂಡ ಈ ಕಡೆಗೆ ಬಂದರು. ಮರುವರ್ಷದ ಅಂತಿಮ ಪಂದ್ಯದಲ್ಲಿ ಟೇಲರ್ ಅವರನ್ನು 7-6ರಿಂದ, ಅದೂ ಕಟ್ಟಕಡೆಯ ನಿರ್ಣಾಯಕ ಆಟದಲ್ಲಿ, ಸೋಲಿಸಿದರು. ಸರ್ಕಸ್ ಟ್ಯಾವರ್ನ್ ಸಾಲದೆ ಬಂತು. 2008ರ ಪಂದ್ಯಾವಳಿ ಅಲೆಕ್ಸಾಂಡ್ರಾ ಪ್ಯಾಲೇಸಿಗೆ ಏರಿತು.

2019ರ ಡಿಸೆಂಬರಿನಲ್ಲಿ ಅಲ್ಲಿ ಇನ್ನೊಂದು ಇತಿಹಾಸ ನಡೆಯಿತು. ಫಾಲನ್ ಶೆರಾಕ್ ಎಂಬ ಹೆಣ್ಣುಮಗಳು ಪುರುಷ ಆಟಗಾರ ಟೆಡ್ ಎವೆಟ್ಸ್‌ನನ್ನು 3-2ರಿಂದ ಸೋಲಿಸಿ, ಆ ಪಂದ್ಯಾವಳಿಯಲ್ಲಿ ಗೆದ್ದ ಮೊದಲ ಮಹಿಳೆಯಾದಳು. ಮುಂದಿನ ಸುತ್ತಿನಲ್ಲೂ ಗೆದ್ದಳು. ಬಾಣಕ್ಕೆ ಎಸೆದವರು ಗಂಡೋ ಹೆಣ್ಣೋ ಗೊತ್ತಾಗುವುದಿಲ್ಲವಲ್ಲ! ಭಾರತದ ನಿತಿನ್ ಕುಮಾರ್ ಕೂಡ ಅದೇ ವೇದಿಕೆ ಹತ್ತಿ ಆಡಿದ್ದಾರೆ. 2025ರ ಜನವರಿಯಲ್ಲಿ ಲೂಕ್ ಲಿಟ್ಲರ್ ಎಂಬ ಹುಡುಗ ಹದಿನೇಳನೆಯ ವಯಸ್ಸಿಗೆ ವಿಶ್ವ ಚಾಂಪಿಯನ್ ಆದ. ಅವನಿಗೆ ಸಿಕ್ಕ ಮೊತ್ತ 5 ಲಕ್ಷ ಪೌಂಡ್. 2026ರ ಪಂದ್ಯಾವಳಿಯಲ್ಲಿ 128 ಮಂದಿ ಆಡಿದರು, ಗೆದ್ದವನ ಪಾಲು 10 ಲಕ್ಷ ಪೌಂಡಿಗೆ ಏರಿತು. ಲೇಟನ್ ರೀಸ್ ಪಡೆದ ಮೂರು ಸಾವಿರವನ್ನು ನೆನೆಸಿಕೊಳ್ಳಿ.

ಇತ್ತ ಮುಂಗೋಣೆಯ ಸಂಘ? 2011ರಲ್ಲಿ ಆಲಿ ಕ್ರಾಫ್ಟ್ ಅವರನ್ನೇ ಅವರು ಕಟ್ಟಿದ ಸಂಘದವರು ಮತ ಹಾಕಿ ಆಡಳಿತ ಮಂಡಳಿಯಿಂದ ಹೊರಗೆ ಕಳಿಸಿದರು. 2019ರ ನವೆಂಬರಿನಲ್ಲಿ, ತೊಂಬತ್ತರ ವಯಸ್ಸಿನಲ್ಲಿ, ಕ್ರಾಫ್ಟ್ ನಿಧನರಾದರು. ಎರಡು ತಿಂಗಳೊಳಗೆ, 2020ರ ಜನವರಿಯಲ್ಲಿ, ಬಿ.ಡಿ.ಓ.ದ ಕಟ್ಟಕಡೆಯ ವಿಶ್ವ ಪಂದ್ಯಾವಳಿ ಲೇಕ್‌ಸೈಡ್ ಬಿಟ್ಟು ಲಂಡನ್ನಿನಲ್ಲಿ ನಡೆಯಿತು. ಟಿಕೆಟ್ಟುಗಳು ಖರ್ಚಾಗಲಿಲ್ಲ. ಹಿಂದೆ ಲಕ್ಷ ಪೌಂಡ್ ಇದ್ದ ಚಾಂಪಿಯನ್ನನ ಬಹುಮಾನ 23,000ಕ್ಕೆ ಇಳಿಯಿತು. ಗೆದ್ದವರು 57 ವರ್ಷದ ವೇನ್ ವಾರನ್, ವೇಲ್ಸಿನವರು. ಮೊದಲ ಚಾಂಪಿಯನ್ನನೂ ವೇಲ್ಸಿನವನೇ, ಕೊನೆಯವನೂ ಅಲ್ಲಿಯವನೇ. ಅದೇ ವರ್ಷ ಬಿ.ಡಿ.ಓ. ಕುಸಿದುಬಿತ್ತು. 2022ರಿಂದ 'ವರ್ಲ್ಡ್ ಡಾರ್ಟ್ಸ್ ಫೆಡರೇಷನ್' ಹವ್ಯಾಸಿಗಳ ವಿಶ್ವ ಪಂದ್ಯಾವಳಿಯ ದೀಪವನ್ನು ಲೇಕ್‌ಸೈಡಿನಲ್ಲಿ ಮತ್ತೆ ಹಚ್ಚಿತು.

ನಮಗೆ ತೋರಿದ್ದು

ಈ ಜಗಳದಲ್ಲಿ ಯಾರು ಸರಿ ಎಂದು ತೀರ್ಪು ಕೊಡಲು ನಾವು ಹೊರಟಿಲ್ಲ. ಕ್ರಾಫ್ಟ್ ಅವರಿಲ್ಲದಿದ್ದರೆ ವಿಶ್ವ ಪಂದ್ಯಾವಳಿಯೇ ಇರುತ್ತಿರಲಿಲ್ಲ. ಬ್ರಿಸ್ಟೋ, ಲೋ, ಟೇಲರ್ ಇಲ್ಲದಿದ್ದರೆ ಅದನ್ನು ನೋಡುವವರಿರುತ್ತಿರಲಿಲ್ಲ. ಕಟ್ಟಿದವರಿಗೆ ಕಟ್ಟಿದ ಅಭಿಮಾನ, ಆಡುವವರಿಗೆ ಆಡುವ ಕಷ್ಟ. ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬೀಳದೆ ಹೋದದ್ದೇ ದುರಂತ. ಇಂತಹ ಕಥೆಯಲ್ಲಿ ನಮಗೆ ಕ್ರಾಫ್ಟ್ ಅವರ ಮೇಲೆಯೂ ಮರುಕ ಹುಟ್ಟುತ್ತದೆ. ಮನೆಯ ಬಾಗಿಲು ತೆರೆದಿಟ್ಟು, ಹೆಂಡತಿಯ ಶ್ರಮವನ್ನೂ ಸೇರಿಸಿ ಬೆಳೆಸಿದ ಸಂಘ ತನ್ನದು ಎನಿಸುವುದು ಸಹಜ. ಆದರೆ ಮಗು ಬೆಳೆದ ಮೇಲೆ ಅದರ ಮಾತಿಗೂ ಬೆಲೆ ಕೊಡಬೇಕಾಗುತ್ತದೆ.

ಅಲೆಕ್ಸಾಂಡ್ರಾ ಪ್ಯಾಲೇಸಿನ ಮುಂದೆ ನಿಂತರೆ ಲಂಡನ್ ನಗರವೆಲ್ಲ ಕಾಲ ಕೆಳಗೆ ಕಾಣುತ್ತದೆ. ಪಕ್ಕದಲ್ಲೇ ಮಸ್ವೆಲ್ ಹಿಲ್, ಬಿ.ಡಿ.ಓ. ಹುಟ್ಟಿದ ಬಡಾವಣೆ. ಆ ಮುಂಗೋಣೆಯಿಂದ ಈ ಅರಮನೆಗೆ ನಡೆದೇ ಬರಬಹುದಾದ ದೂರ. ಅಷ್ಟು ದೂರವನ್ನು ಎರಡು ಬಣಗಳೂ ಕೂಡಿ ನಡೆಯಲಾಗಲಿಲ್ಲ.

ಬರುವ ವಾರ್ಷಿಕ ಸಭೆಯಲ್ಲಿ ನಮ್ಮ ಬಳಗದ ಹಿರಿಯರೂ ಕಿರಿಯರೂ ಒಂದೇ ಕೋಣೆಯಲ್ಲಿ ಕೂರುವವರಿದ್ದೇವೆ. ಕಾರ್ಯಕ್ರಮ ಹೇಗಿರಬೇಕು, ಯಾರು ನಡೆಸಬೇಕು ಎಂಬ ಚರ್ಚೆ ಬಿಸಿಯೇರಿದಾಗ ಈ ಪುಟ್ಟ ಬಾಣಗಳ ಕಥೆಯನ್ನು ಒಮ್ಮೆ ನೆನೆದರೆ ಸಾಕು. ಸಭೆಯ ನಂತರ ಊಟವಿದೆ. ಮಕ್ಕಳಿಗಾಗಿ ಹಾಲಿನ ಮೂಲೆಯಲ್ಲಿ ಅಯಸ್ಕಾಂತದ ಬಾಣಗಳಿರುವ ಡಾರ್ಟ್ಸ್ ಹಲಗೆಯೊಂದನ್ನು ತೂಗುಹಾಕುತ್ತೇವೆ. ಅಂಕ ಬರೆಯುವವರು ಕನ್ನಡದಲ್ಲೇ ಕೂಗಬೇಕೆಂಬುದು ಒಂದೇ ನಿಯಮ: ಇಪ್ಪತ್ತು ಮೂರಲೆ ಅರವತ್ತು!